ಬಿಸಾಡುವ ಮೊದಲು

ಮನೆಯ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ‘ಇದರ ಕಾಲ ಮುಗೀತು, ಹೊಸದು ತರೋಣ’ ಅನ್ನುತ್ತಾರೆ ಮಕ್ಕಳು. ಆದರೆ ಎಷ್ಟೋ ಸಲ ಸೋತಿರುವುದು ಇಡೀ ಯಂತ್ರವಲ್ಲ, ಒಳಗಿನ ಹಾರ್ಡ್ ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಪುಟ್ಟ ಮುಳ್ಳೊಂದು ಅತ್ತಿಂದಿತ್ತ ಓಡಾಡಿ ಮಾಹಿತಿ ಹೆಕ್ಕಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಚುರುಕಾಗುತ್ತದೆ.

ಹಾಗಂತ ಹಳೆಯದಕ್ಕೇ ಜೋತುಬೀಳಬೇಕಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಗ್ಗದ ಯಂತ್ರಕ್ಕೆ ಲಿನಕ್ಸ್ ಹಾಕಿಸಬಹುದು. ಮದರ್‌ಬೋರ್ಡೇ ಕೈಕೊಟ್ಟರೆ ಬದಲಿಸುವುದೇ ಜಾಣತನ.

ನಿಧಾನವಾದದ್ದೆಲ್ಲ ನಿರುಪಯುಕ್ತವಲ್ಲ. ತೊಡಕು ಎಲ್ಲಿದೆ ಎಂದು ನೋಡಿ, ಆಮೇಲೆ ತೀರ್ಮಾನಿಸೋಣ. ಯಂತ್ರದ ವಿಷಯದಲ್ಲೂ, ಮನುಷ್ಯರ ವಿಷಯದಲ್ಲೂ.