ಹಡಗು ಗಟ್ಟಿ ಇತ್ತು, ಅದಿರು ಒದ್ದೆ ಇತ್ತು

ಹಾಸನದವನು ಹಡಗಿನ ಬಗ್ಗೆ ಏನು ಮಾತಾಡ್ತಾನೆ ಅಂತ ನಗಬೇಡಿ. 2006ರಲ್ಲಿ ಹಾಸನ–ಮಂಗಳೂರು ಹಳಿ ಬ್ರಾಡ್‌ಗೇಜ್ ಆದಾಗ ಮೊದಲು ಓಡಿದ್ದು ಗೂಡ್ಸ್ ಗಾಡಿಗಳು. ಬಳ್ಳಾರಿ ಕಡೆಯ ಕಬ್ಬಿಣದ ಅದಿರು ನಮ್ಮ ಸಕಲೇಶಪುರ ದಾಟಿ, ಘಾಟಿ ಇಳಿದು ನವಮಂಗಳೂರು ಬಂದರು ಸೇರ್ತಿತ್ತು. ಅಲ್ಲಿಂದ ಚೀನಾಕ್ಕೆ.

2009ರ ಜುಲೈ, ಜೋರು ಮಳೆಗಾಲ. ಮಂಗಳೂರಲ್ಲಿ ಅದಿರಿನ ಪುಡಿ ತುಂಬಿಕೊಂಡು ಹೊರಟ ‘ಏಷಿಯನ್ ಫಾರೆಸ್ಟ್’ ಹಡಗು ಒಂದು ಕಡೆ ವಾಲಿ ಮುಳುಗೇ ಹೋಯ್ತು. ಅದರಲ್ಲಿದ್ದ 18 ಜನ ಚೀನಾದ ನಾವಿಕರು ಬದುಕಿದರು.

ಹೇಗೆ ಮುಳುಗ್ತು? ಹೊಳೆ ದಂಡೆಯ ಒದ್ದೆ ಮರಳನ್ನ ಕಾಲಲ್ಲಿ ತುಳಿದು ನೋಡಿ. ಗಟ್ಟಿ ಇದ್ದ ಮರಳು ಜೌಗಾಗಿ ನೀರು ಮೇಲೆ ಬರುತ್ತಲ್ಲ, ಅದೇ ಕಥೆ. ಅಲೆ, ಇಂಜಿನ್ ಅದುರಾಟಕ್ಕೆ ಒದ್ದೆ ಪುಡಿ ಕೆಸರಾಗಿ ಒಂದು ಪಕ್ಕಕ್ಕೆ ಹರಿಯುತ್ತೆ, ವಾಪಸ್ ಬರಲ್ಲ.

ಹಡಗಿನ ಹತ್ರ ಸರ್ಟಿಫಿಕೇಟ್‌ಗಳು ರಾಶಿ ಇರ್ತವೆ. ಎಷ್ಟು ಭಾರ ಹೊರಬಹುದು, ಲೈಫ್‌ಬೋಟ್ ಸರಿ ಇದ್ಯಾ, ಎಣ್ಣೆ ಸಮುದ್ರಕ್ಕೆ ಬಿಡದಂಥ ವ್ಯವಸ್ಥೆ ಇದ್ಯಾ, ಎಲ್ಲಾನೂ ಸರ್ವೇಯರ್ ನೋಡಿ ಸಹಿ ಹಾಕ್ತಾರೆ. ಆದ್ರೆ ಒಳಗೆ ಸುರಿಯೋ ಅದಿರಿನ ತೇವ ಎಷ್ಟು ಅನ್ನೋದು ಬೇರೆ ಕಾಗದ. ಅದನ್ನ ಕೊಡೋನು ಸರಕು ಕಳಿಸೋನೇ! ನನಗೆ ಕಿರಿಕಿರಿ ಆಗೋದು ಇಲ್ಲೇ: ಲಾಭ ಯಾರದ್ದೋ ಪರೀಕ್ಷೆಯ ವರದಿನೂ ಅವರದ್ದೇ.

ಇಂಥ ಸರಕಿನ ಅಂತರರಾಷ್ಟ್ರೀಯ ನಿಯಮಾವಳಿ ಕಡ್ಡಾಯ ಆಗಿದ್ದು 2011ರ ಜನವರಿ 1ರಿಂದ. ತೇವದ ಪರೀಕ್ಷೆಗೂ ಲೋಡಿಂಗ್‌ಗೂ ಮಧ್ಯೆ 7 ದಿನ ಮೀರಬಾರದು. ನಡುವೆ ಜೋರು ಮಳೆ ಬಂದ್ರೆ ಮತ್ತೆ ಪರೀಕ್ಷೆ. ಹಡಗಿನಲ್ಲೇ ಮಾಡೋ ಸುಲಭದ ಪರೀಕ್ಷೆನೂ ಇದೆ: ಡಬ್ಬಕ್ಕೆ ಅರ್ಧ ಅದಿರು ತುಂಬಿ, ಗಟ್ಟಿ ನೆಲಕ್ಕೆ 25 ಸಲ ಕುಟ್ಟೋದು. ಮೇಲೆ ನೀರು ಕಂಡ್ರೆ ಲ್ಯಾಬ್‌ಗೆ ಕಳಿಸಬೇಕು. ಕಾಣದಿದ್ರೂ ಅಪಾಯ ಇಲ್ಲ ಅಂತಲ್ಲ.

ಅಕ್ರಮ ಗಣಿಗಾರಿಕೆ ಗಲಾಟೆಯಲ್ಲಿ 2010ರಲ್ಲಿ ನಮ್ಮ ರಾಜ್ಯದಿಂದ ಅದಿರು ರಫ್ತು ನಿಂತಿತು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಇದು ಹಳೇ ಸುದ್ದಿಯಲ್ಲ. ಮುಳುಗೋ ಹಡಗಿನ ಜೊತೆ ಅದರ ಇಂಧನದ ಎಣ್ಣೆನೂ ಮೀನುಗಾರರ ನೀರಿಗೆ ಇಳಿಯುತ್ತೆ.

ನಿಮ್ಮಲ್ಲಿ ಮರ್ಚೆಂಟ್ ನೇವಿ ಕನಸು ಇರೋರು ಇದ್ದೀರಿ, ನನಗೆ ಗೊತ್ತು. ಅನುಮಾನ ಬಂದ್ರೆ ಲೋಡಿಂಗ್ ನಿಲ್ಲಿಸೋ ಹಕ್ಕು ಕ್ಯಾಪ್ಟನ್‌ಗಿದೆ. ಒಂದು ದಿನ ತಡವಾದ್ರೂ ಲಕ್ಷಗಟ್ಟಲೆ ಖರ್ಚು, ಒತ್ತಡ ಬಂದೇ ಬರುತ್ತೆ. ಕಾಗದ ಕೈಗೆ ಬಂದ ತಕ್ಷಣ ಅದರ ತಾರೀಖು ನೋಡಿ, ಆಮೇಲೆ ಆ ವಾರ ಎಷ್ಟು ಮಳೆ ಬಂದಿದೆ ಅಂತ ಕೇಳಿ.