ದಾಲ್ಚಿನ್ನಿಯ ಮರ ಮತ್ತು ಅದರ ಮೂರು ಎಣ್ಣೆಗಳು



ಸಂಘದ ವಾರ್ಷಿಕೋತ್ಸವದ ಈ ಸಂಜೆ ಸಾಹಿತ್ಯವನ್ನು ಬಿಟ್ಟು ಮರವೊಂದರ ವಿಚಾರವನ್ನು ಎತ್ತಿಕೊಂಡುದಕ್ಕೆ ತಾವು ಅಚ್ಚರಿಪಡಬಹುದು. ನುಡಿಯ ಸಂಪತ್ತು ಕಾವ್ಯದಲ್ಲಿ ಮಾತ್ರವೇ ಇರುವುದಲ್ಲ. ಹಿತ್ತಿಲ ಗಿಡಮರಗಳನ್ನು ಗುರುತಿಸಿ ಹೆಸರಿಟ್ಟು ಕರೆಯುವ ಅರಿವಿನಲ್ಲಿಯೂ ಅದು ಅಡಗಿರುವುದು. ಆದಕಾರಣ ನಮ್ಮ ಕುಂಜತ್ತೂರಿನಂತಹ ಮುರಕಲ್ಲಿನ ನೆಲದಲ್ಲಿಯೂ ಬೆಳೆಯಬಲ್ಲ ದಾಲ್ಚಿನ್ನಿಯನ್ನು ಇಂದಿನ ಮಾತಿಗೆ ಆರಿಸಿಕೊಂಡಿದ್ದೇವೆ.

ಕರ್ಪೂರದ ಮರವೂ ಬೆಣ್ಣೆಹಣ್ಣಿನ ಮರವೂ ಸೇರಿರುವ ಲಾರೇಸಿ ಕುಟುಂಬದ ನಿತ್ಯಹಸುರಿನ ಮರವಿದು. ಶಾಸ್ತ್ರೀಯ ನಾಮ ಸಿನಮೋಮಮ್ ವೀರಮ್. ನಿಜವಾದ ದಾಲ್ಚಿನ್ನಿ ಎಂದು ಅದರ ಅರ್ಥ. ತಳಿರು ಕೆಂಪು, ಬಲಿತಾಗ ಹಸುರು. ಎಲೆಯ ಬುಡದಿಂದ ತುದಿಯತ್ತ ಓಡುವ ಎದ್ದುಕಾಣುವ ನರಗಳು, ಸಾಮಾನ್ಯವಾಗಿ ಮೂರು, ಇದರ ಗುರುತು. ಪುಟ್ಟ ಬಟ್ಟಲಿನಲ್ಲಿ ಕುಳಿತಂತಿರುವ ಕಪ್ಪು ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಹರಡುವುದರಿಂದ ನೆಡದ ಕಡೆಯಲ್ಲಿಯೂ ಸಸಿ ಹುಟ್ಟುವುದುಂಟು. ಕೆಂಪು ಚಿಗುರು ಹಸುರಾದಾಗ ಕೊಂಬೆಗಳನ್ನು ಕಡಿದರೆ ತೊಗಟೆ ಸುಲಭವಾಗಿ ಬಿಡುವುದು. ಬುಡದಿಂದ ಮತ್ತೆ ಚಿಗುರು ಒಡೆಯುವುದು.

ಈ ಮರದ ಮಹಾ ವಿಶೇಷವೆಂದರೆ, ಒಂದೇ ಒಡಲಿನಲ್ಲಿ ಮೂರು ಬಗೆಯ ಎಣ್ಣೆಗಳು. ತೊಗಟೆಯ ಎಣ್ಣೆಯಲ್ಲಿ ಮುಖ್ಯವಾದುದು ಸಿನಮಾಲ್ಡಿಹೈಡ್; ನಮಗೆ ಚಿರಪರಿಚಿತವಾದ ಸಿಹಿಗಾರದ ಕಂಪು ಅದರದೇ. ಎಲೆಯ ಎಣ್ಣೆಯಲ್ಲಿ ಹೆಚ್ಚಿನ ಪಾಲು ಯೂಜಿನಾಲ್; ಲವಂಗದ ಎಣ್ಣೆಯ ಜೀವಾಳವೂ ಇದೇ. ಬೇರಿನ ತೊಗಟೆಯಲ್ಲಿ ಮುಖ್ಯವಾಗಿರುವುದು ಕರ್ಪೂರ. ಎಲೆಯನ್ನು ಹಿಸುಕಿದಾಗ ಲವಂಗದ ವಾಸನೆ ಬರುವುದೇಕೆಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಎಲೆಯನ್ನಾಗಲಿ ತೊಗಟೆಯನ್ನಾಗಲಿ ಹಂಡೆಯಲ್ಲಿ ತುಂಬಿ ಆವಿ ಹಾಯಿಸಿ, ಆ ಆವಿಯನ್ನು ತಣ್ಣೀರಿನಿಂದ ತಂಪುಗೊಳಿಸಿದರೆ ನೀರೂ ಎಣ್ಣೆಯೂ ಒಟ್ಟಿಗೆ ಇಳಿಯುವುವು. ತೆಂಗಿನೆಣ್ಣೆ ನೀರಿನ ಮೇಲೆ ತೇಲುವುದನ್ನು ಕಂಡ ನಮಗೆ ಇಲ್ಲೊಂದು ಸೋಜಿಗ: ದಾಲ್ಚಿನ್ನಿಯ ಎಣ್ಣೆ ನೀರಿಗಿಂತ ಭಾರವಾದುದರಿಂದ ತಳಕ್ಕೆ ಇಳಿಯುವುದು. ನೂರು ಕಿಲೋ ತೊಗಟೆಯಿಂದ ಸಾಮಾನ್ಯವಾಗಿ ದೊರೆಯುವುದು ಒಂದೆರಡು ಕಿಲೋ ಎಣ್ಣೆ ಮಾತ್ರ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ನವಶ್ರೀ, ನಿತ್ಯಶ್ರೀ ಎಂಬ ಉತ್ತಮ ತಳಿಗಳನ್ನು ಕೊಟ್ಟಿರುವರು.

ತೊಗಟೆಯ ಎಣ್ಣೆ ಮಿಠಾಯಿ, ಪಾನೀಯ, ಹಲ್ಲುಜ್ಜುವ ಪೇಸ್ಟುಗಳಿಗೂ, ಎಲೆಯ ಎಣ್ಣೆ ಸಾಬೂನು, ಸುಗಂಧದ್ರವ್ಯಗಳಿಗೂ ಒದಗುವುದು. ದಂತವೈದ್ಯರು ಹಲ್ಲಿನ ಕುಳಿಯನ್ನು ತಾತ್ಕಾಲಿಕವಾಗಿ ತುಂಬಲು ಬಳಸುವ ಸತುವಿನ ಭಸ್ಮದ ಮಿಶ್ರಣದಲ್ಲಿ ಯೂಜಿನಾಲ್ ಇರುವುದು. ಆದರೆ ಶುದ್ಧ ಎಣ್ಣೆ ಚರ್ಮವನ್ನೂ ಬಾಯಿಯನ್ನೂ ಸುಡಬಲ್ಲುದು. ಮನೆಮದ್ದೆಂದು ಅದನ್ನು ಮಕ್ಕಳಿಗೆ ಕುಡಿಸುವುದು ಸರ್ವಥಾ ಕೂಡದು.

ಇನ್ನು ಹೆಸರಿನ ಮಾತು. ಸಂಸ್ಕೃತದ ತ್ವಕ್ ಎಂದರೆ ತೊಗಟೆ. ಮಲಯಾಳದಲ್ಲಿ ಇದು ಕರುವ. ನಮ್ಮ ದಾಲ್ಚಿನ್ನಿ ಎಂಬುದು ಪಾರಸಿಯ ದಾರ್ಚೀನಿಯಿಂದ ಬಂದುದು. ಚೀನದ ಮರ ಎಂದು ಅದರ ಅರ್ಥ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಕರುವವೂ ಕಾಟ್ಟುಕರುವವೂ, ಎಂದರೆ ಕಾಡುದಾಲ್ಚಿನ್ನಿಯೂ, ಚಿತ್ರಸಹಿತವಾಗಿ ಬಂದಿವೆ. ಡಚ್ಚರ ಅಧಿಕಾರಿ ವಾನ್ ರೀಡ್ ಮಾಡಿಸಿದ ಆ ಗ್ರಂಥಕ್ಕೆ ಅರಿವನ್ನು ಧಾರೆಯೆರೆದವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು. ಜತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಕೊಂಕಣಿ ವಿದ್ವಾಂಸರು. ಗಿಡಗಳ ಹೆಸರುಗಳನ್ನು ನಾಡಲಿಪಿಗಳಲ್ಲಿಯೂ ಕೊರೆಯಿಸಿದುದರಿಂದಲೇ ಇಂದಿಗೂ ನಾವು ಅವನ್ನು ಗುರುತಿಸಬಲ್ಲೆವು.

ಹೆಸರು ತಪ್ಪಿದರೆ ಆಗುವ ಕೇಡು ಸಾಮಾನ್ಯವಾದುದಲ್ಲ. ಅಂಗಡಿಯಲ್ಲಿ ದಾಲ್ಚಿನ್ನಿ ಎಂದು ಅನೇಕ ವೇಳೆ ಸಿಗುವುದು ಕ್ಯಾಸಿಯಾ ಎಂಬ ಬೇರೆ ಮರದ ತೊಗಟೆ. ಅದು ದಪ್ಪ, ಗಟ್ಟಿ, ಒಂದೇ ಪದರದ್ದು. ನಿಜವಾದುದು ಕಾಗದದಂತೆ ತೆಳುವಾದ ಹಲವು ಪದರಗಳ ಸುರುಳಿ, ಬೆರಳಿನಿಂದಲೇ ಮುರಿಯಬಹುದು. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಅಧಿಕ. ಸತತವಾಗಿ ಹೆಚ್ಚು ಸೇವಿಸಿದರೆ ಕೆಲವರ ಯಕೃತ್ತಿಗೆ ಹಾನಿ. ಯೂರೋಪಿನ ಆಹಾರ ತಜ್ಞರು ನಿತ್ಯಸೇವನೆಗೆ ವಿಧಿಸಿದ ಮಿತಿ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ, 30 ಕಿಲೋ ತೂಕದ ಮಗುವಿಗೆ 3 ಮಿಲಿಗ್ರಾಂ. ಕ್ಯಾಸಿಯಾ ಪುಡಿಯ ಒಂದು ಗ್ರಾಮಿನಲ್ಲಿಯೇ ಅಷ್ಟು ಇರುವ ಸಂಭವವುಂಟು. ನಿಜವಾದ ದಾಲ್ಚಿನ್ನಿಯಲ್ಲಿ ಅದು ಅತ್ಯಲ್ಪ. ಪುಡಿಯಾದ ಮೇಲೆ ಕಣ್ಣಿಗೆ ಭೇದ ಸುಲಭವಾಗಿ ತಿಳಿಯದು. ಆದಕಾರಣ ಚಕ್ಕೆಯನ್ನೇ ನೋಡಿ ಕೊಂಡು ಮನೆಯಲ್ಲಿ ಪುಡಿಮಾಡುವುದು ಲೇಸು.

ವಿದ್ಯಾರ್ಥಿಗಳೆ, ಪಾಠಪುಸ್ತಕದ ಸಿನಮೋಮಮ್ಮೂ ಅಡುಗೆಮನೆಯ ದಾಲ್ಚಿನ್ನಿಯೂ ಬೇಲಿಯ ಬಳಿಯ ಮೂರು ನರದ ಎಲೆಯೂ ಒಂದೇ ಎಂದು ತಾಯಿನುಡಿಯಲ್ಲಿ ತಿಳಿದವನನ್ನು ಯಾವ ಅಂಗಡಿಯವನೂ ಸುಲಭವಾಗಿ ಮೋಸಗೊಳಿಸಲಾರನು. ಈ ಮಳೆಗಾಲದಲ್ಲಿ ಒಂದೊಂದು ಸಸಿಯನ್ನು ನೆಡಿರಿ. ಅದರ ಕನ್ನಡ, ತುಳು, ಮಲಯಾಳ, ಕೊಂಕಣಿ ಹೆಸರುಗಳನ್ನು ಅಜ್ಜಿಯಂದಿರಿಂದ ಕೇಳಿ ಬರೆದಿಡಿರಿ. ದಾಲ್ಚಿನ್ನಿಯ ಬೀಜವನ್ನು ಹಣ್ಣಿನಿಂದ ತೆಗೆದೊಡನೆ ಬಿತ್ತಬೇಕು. ತಡಮಾಡಿದರೆ ಅದು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಹಿರಿಯರ ಬಾಯಲ್ಲಿ ಉಳಿದಿರುವ ತಿಳಿವೂ ಅಂತಹುದೇ.