ಹಾಡಿನ ಹಣಕ್ಕೆ ಕಾಲುವೆ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಸುಗ್ಗಿ ಮುಗಿದು ಕೈ ಬಿಡುವಾಯಿತೆಂದರೆ ಊರೂರುಗಳಲ್ಲಿ ಸಹಾಯಾರ್ಥ ನಾಟಕ, ಹರಿಕಥೆ, ಸಂಗೀತ ಕಚೇರಿಗಳ ಮಾತು ಏಳುತ್ತದೆ. ಶಾಲೆಗೆ ಸೂರು ಬೇಕು, ವಾಚನಾಲಯಕ್ಕೆ ಪುಸ್ತಕ ಬೇಕು. ಹಾಡಿ ಹಣ ಕೂಡಿಸುವುದು ಒಳ್ಳೆಯ ಪದ್ಧತಿ. ಆದರೆ ಕೂಡಿಸಿದರೆ ಸಾಲದು. ಅದು ಸೇರಬೇಕಾದಲ್ಲಿಗೆ, ಸೇರಬೇಕಾದ ಹೊತ್ತಿಗೆ ಸೇರಬೇಕು.

ವಿದ್ಯೆಯುಳ್ಳವರು ವಿದ್ಯೆಯನ್ನೇ ದಾನ ಮಾಡಬಲ್ಲರು. ಎಂ. ಎಸ್. ಸುಬ್ಬುಲಕ್ಷ್ಮಿಯವರು 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಹಾಡಿದರು. ಆಮೇಲೆಯೂ ಎಷ್ಟೋ ಸತ್ಕಾರ್ಯಗಳಿಗೆ ಕಚೇರಿಯ ಹಣವನ್ನು ಕೊಡುತ್ತಲೇ ಬಂದರು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆತದ್ದು ಸಾರ್ವಜನಿಕ ಸೇವೆಗಾಗಿ ಎಂಬುದನ್ನು ಗಮನಿಸಿರಿ.

ಇನ್ನೊಂದು ಸಂಗತಿ ಕೇಳಿರಿ. ಪೂರ್ವ ಬಂಗಾಳಕ್ಕೆ 1970ರ ನವೆಂಬರಿನಲ್ಲಿ ಭಾರಿ ಚಂಡಮಾರುತ ಬಡಿಯಿತು. ಮರುವರ್ಷ ಯುದ್ಧ. ಸುಮಾರು ಒಂದು ಕೋಟಿ ಜನ ಮನೆಮಠ ಬಿಟ್ಟು ಭಾರತಕ್ಕೆ ಬಂದರು. ಬಂಗಾಳಿ ಮನೆತನದ ಸಿತಾರ್ ವಿದ್ವಾಂಸ ರವಿಶಂಕರರು ಇದಕ್ಕಾಗಿ ಮರುಗಿ, ತಮ್ಮ ಗೆಳೆಯ, ಇಂಗ್ಲೆಂಡಿನ ಗಾಯಕ ಜಾರ್ಜ್ ಹ್ಯಾರಿಸನ್ನರ ನೆರವು ಬೇಡಿದರು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಒಂದೇ ದಿನ ಎರಡು ಕಚೇರಿ ನಡೆದವು. ರವಿಶಂಕರರ ಸಿತಾರಿನೊಡನೆ ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾರ ತಬಲಾ ನುಡಿದವು. ಸುಮಾರು 40,000 ಜನ ಕೇಳಿದರು. ಟಿಕೆಟಿನಿಂದ ಬಂದ 2,43,000 ಡಾಲರಿಗೂ ಮೇಲ್ಪಟ್ಟ ಹಣ ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಸಂದಿತು.

ಇನ್ನೂ ದೊಡ್ಡ ಮೊತ್ತ ಬಂದದ್ದು ಕಚೇರಿಯ ಧ್ವನಿಮುದ್ರಿಕೆಗಳ ಮಾರಾಟದಿಂದ. ಅದು ಧರ್ಮಾರ್ಥವಾದ ಕಾರ್ಯವೆಂದು ಮೊದಲೇ ಕ್ರಮವಾಗಿ ನಮೂದಿಸಿರಲಿಲ್ಲ. ಆದ್ದರಿಂದ ಅಮೆರಿಕದ ತೆರಿಗೆ ಇಲಾಖೆಯ ತನಿಖೆಯಲ್ಲಿ ಆ ಹಣ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಹಾಡಿದವರ ಮನಸ್ಸಿನಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಕಾಗದದಲ್ಲಿ. ಹಸಿದ ಮಗು ಕಾಗದಕ್ಕಾಗಿ ಕಾಯಬಲ್ಲುದೇ?

ಹೊರದೇಶದ ಮಾತೇಕೆ? ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಶಾಲೆಯ ಹೆಂಚಿಗಾಗಿ ನಾಟಕವಾಡಿದರು. ಪರದೆ, ದೀಪ, ಊಟದ ಖರ್ಚು ಕಳೆದು ಎಷ್ಟು ಉಳಿಯಿತೆಂದು ಯಾರೂ ಹೇಳಲಿಲ್ಲ. ಕದ್ದವರು ಯಾರೂ ಇರಲಿಲ್ಲವೆಂದೇ ನನ್ನ ನಂಬಿಕೆ. ಆದರೂ ಮರುವರ್ಷ ಟಿಕೆಟು ಕೊಳ್ಳುವವರಿಲ್ಲ. ಆ ಮಳೆಗಾಲವೂ ನಾವು ಸೋರುವ ಸೂರಿನಡಿಯಲ್ಲೇ ಕುಳಿತೆವು.

ಆದುದರಿಂದ ನೀವು ಇಷ್ಟು ಮಾಡಿರಿ. ಹಣ ಯಾವ ಕೆಲಸಕ್ಕೆ, ಯಾರ ಕೈಗೆ ಎಂಬುದನ್ನು ಟಿಕೆಟು ಅಚ್ಚಾಗುವ ಮೊದಲೇ ಸಭೆಯಲ್ಲಿ ಬರೆದಿಡಿರಿ. ಅನುಮತಿ, ತೆರಿಗೆಗಳ ವಿಚಾರವನ್ನು ಮುಂಚೆಯೇ ಕೇಳಿ ತಿಳಿಯಿರಿ. ಖರ್ಚಿಗೆ ಮಿತಿ ಹಾಕಿರಿ. ಟಿಕೆಟುಗಳಿಗೆ ಕ್ರಮಸಂಖ್ಯೆ ಇರಲಿ. ಬಂದ ಹಣವನ್ನು ಇಬ್ಬರು ಎಣಿಸಿ, ಮರುದಿನವೇ ಬ್ಯಾಂಕಿಗೆ ಕಟ್ಟಿರಿ. ವಾರದೊಳಗೆ ಲೆಕ್ಕವನ್ನು ಚಾವಡಿಯಲ್ಲಿ ಓದಿ ಹೇಳಿರಿ. ಹಾಡುವವರು ಬಡವರಾದರೆ ಪುಕ್ಕಟೆ ಹಾಡೆಂದು ಬಲವಂತ ಮಾಡಬೇಡಿರಿ. ಅವರಿಗೆ ಹಾಡೇ ಹೊಲ.

ಹನಿಗೂಡಿದರೆ ಹಳ್ಳ, ನಿಜ. ಹಳ್ಳದ ನೀರು ಗದ್ದೆಗೆ ಹರಿಯಬೇಕಾದರೆ ಕಾಲುವೆಯನ್ನು ಮಳೆಗೆ ಮುಂಚೆಯೇ ತೋಡಿರಬೇಕು. ಇದು ನಿಮಗೆ ನಾನು ಹೇಳಬೇಕಾದ ಮಾತಲ್ಲ.